ಮಾಸ್ತರರು ಬರೆಯಲಾರದ ಚರಿತ್ರೆ

ಕಳೆದ ವಾರ ಬೆಳಗ್ಗೆ ಕಾಫಿಗೆ ನೀರಿಡುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಹಸಿ ಎಲೆಯ ವಾಸನೆ ಒಳಗೆ ಬಂತು. ಕತ್ತರಿಸಿದ ಹುಲ್ಲಿನ ವಾಸನೆಯಲ್ಲ. ಅದು ನಾರ್ತ್ ಕೆರೊಲಿನಾದ ನಮ್ಮ ಈ ಕ್ಯಾರಿ ಊರಿನಲ್ಲಿ ಬೇಸಿಗೆಯುದ್ದಕ್ಕೂ ಇದ್ದದ್ದೇ, ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟಿದೆ. ಇದು ಸ್ವಲ್ಪ ಕಹಿ, ಸ್ವಲ್ಪ ಒಗರು, ಬೇವಿನ ಕಡ್ಡಿ ಮುರಿದಾಗ ಬರುವಂಥದ್ದು. ಇಣುಕಿ ನೋಡಿದರೆ ಪಕ್ಕದ ಮನೆಗೆ ಬಂದಿರುವ ಹೊಸಬರು ಆಳುಗಳನ್ನು ಕರೆಸಿ, ನಮ್ಮೆರಡು ಮನೆಗಳ ನಡುವಿನ ಹಸಿರು ಬೇಲಿಯನ್ನು ಬುಡಸಮೇತ ತೆಗೆಸುತ್ತಿದ್ದರು. ಆ ಮನೆಯ ಹುಡುಗಿ ನಸ್ರೀನ್, ನಮ್ಮ ಮೈಸೂರಿನವಳೇ, ನನ್ನನ್ನು ಕಂಡು ಕೈಬೀಸಿದಳು.

"ಸಾರಿ ಆಂಟಿ, ತುಂಬಾ ನಾಯ್ಸ್ ಆಗ್ತಿದೆ ಅಲ್ವಾ? ಇವತ್ತೇ ಫಿನಿಶ್ ಮಾಡಿಸಿಬಿಡ್ತೀವಿ. ಫೆನ್ಸ್ ಹಾಕಿಸ್ತಿದ್ದೀವಿ."

"ಪರವಾಗಿಲ್ಲಮ್ಮ, ಹಾಕಿಸಿ," ಎಂದೆ.

ನಿಜವಾಗಿಯೂ ಪರವಾಗಿಲ್ಲ. ಆ ಬೇಲಿಯ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅರ್ಧ ಒಣಗಿ, ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಆದರೆ ಆ ವಾಸನೆಯ ಹಿಂದೆಯೇ ಒಬ್ಬ ಮುದುಕರು ಬಂದು ನನ್ನ ಅಡುಗೆಮನೆಯಲ್ಲಿ ನಿಂತುಬಿಟ್ಟರು. ಅವರನ್ನು ನಿಮಗೆ ಪರಿಚಯಿಸದೆ ಈಗ ನನಗೆ ಬೇರೆ ದಾರಿಯಿಲ್ಲ.

ಎರಡು ಸಾವಿರದ ಇಪ್ಪತ್ತರ ವಸಂತ. ಎಲ್ಲರೂ ಮನೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡ ಕಾಲ. ನನ್ನ ಆಫೀಸು ಕೂಡ ಮನೆಗೇ ಬಂದಿತ್ತು. ಮಹಡಿಯ ಮೇಲಿನ ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಮನೆಯಲ್ಲಿ ಹೇಳಿದ್ದೆನಾದರೂ, ಅಲ್ಲಿಂದ ಪಕ್ಕದ ಮನೆಯ ಅಂಗಳ, ಕಾರು ನಿಲ್ಲಿಸುವ ಜಾಗ, ಬಾಗಿಲು ಎಲ್ಲವೂ ಕಾಣುತ್ತಿದ್ದವು ಎಂಬುದೂ ಒಂದು ಕಾರಣ. ಮನುಷ್ಯರ ಮುಖ ಕಾಣುವುದೇ ಅಪರೂಪವಾಗಿದ್ದಾಗ ಇಣುಕುವ ಚಟ ಎಂಥ ಸಭ್ಯರಿಗೂ ಬಂದೀತು. ಒಂದು ಮಧ್ಯಾಹ್ನ ನೋಡುತ್ತೇನೆ, ಎತ್ತರದ, ಬಾಗಿದ ಬೆನ್ನಿನ ಬಿಳಿಯರೊಬ್ಬರು, ಆ ಸೆಕೆಯಲ್ಲೂ ಉಣ್ಣೆಯ ಕೋಟು ತೊಟ್ಟು, ಬೇಲಿಯೊಳಗೆ ಮುಖ ಹುದುಗಿಸಿ ನಿಂತಿದ್ದಾರೆ. ಏನೋ ಕಳೆದುಕೊಂಡಿರಬೇಕೆಂದು ಕೆಳಗಿಳಿದು ಹೋದೆ.

"ಏನಾದರೂ ಹುಡುಕುತ್ತಿದ್ದೀರಾ?" ಎಂದು ದೂರದಿಂದಲೇ ಕೇಳಿದೆ.

"ಇಲ್ಲ, ಇದರ ವಯಸ್ಸು ಲೆಕ್ಕ ಹಾಕುತ್ತಿದ್ದೇನೆ," ಎಂದರು. (ಅವರು ಆಡಿದ್ದು ಇಂಗ್ಲಿಷು, ನಾನು ಬರೆಯುತ್ತಿರುವುದು ನನಗೆ ಬಂದ ಕನ್ನಡ.) ಅವರ ಊರ ಕಡೆ ಹೊಲದ ಬೇಲಿಗಳು ಬಹಳ ಹಳೆಯವಂತೆ. ಬೇಲಿಯ ಒಂದು ಗೊತ್ತಾದ ಉದ್ದದೊಳಗೆ ಎಷ್ಟು ಜಾತಿಯ ಮರಗಿಡಗಳಿವೆಯೋ ಅದಕ್ಕೆ ಹೆಚ್ಚುಕಡಿಮೆ ಅಷ್ಟು ನೂರು ವರ್ಷ ವಯಸ್ಸು.

"ಇದಕ್ಕೆ ಎಷ್ಟಾಯಿತು?"

"ಒಂದೇ ಜಾತಿ. ಅದೂ ನರ್ಸರಿಯಿಂದ ಬಂದದ್ದು. ನಿನ್ನೆ ಮೊನ್ನೆಯ ಮಗು," ಎಂದು ಅವರು ನಕ್ಕರು. "ಗೊತ್ತಿದ್ದೂ ಎಣಿಸದೆ ಇರಲಾರೆ. ಐವತ್ತು ವರ್ಷದ ಅಭ್ಯಾಸ."

ಹೀಗೆ ಪರಿಚಯವಾದವರು ಆಲ್ಡರ್ಟನ್. ಇಂಗ್ಲೆಂಡಿನ ಒಂದು ಸಣ್ಣ ಕೌಂಟಿಯವರು. ನಮ್ಮಲ್ಲಿಯ ಒಂದು ತಾಲ್ಲೂಕೋ ಜಿಲ್ಲೆಯೋ ಅಂದುಕೊಳ್ಳಿ. ಹೆಸರು ಹೇಳಿದರೆ ನಿಮಗಿರಲಿ, ಲಂಡನ್ನಿನವರಿಗೂ ಎಲ್ಲಿದೆ ಎಂದು ತಕ್ಷಣ ತಿಳಿಯದಂತೆ. ಶಾಲೆಯಲ್ಲಿ ಚರಿತ್ರೆ ಕಲಿಸುತ್ತಾ, ಉಳಿದ ಆಯುಷ್ಯವನ್ನೆಲ್ಲ ಆ ಕೌಂಟಿಯ ಚರಿತ್ರೆ ಬರೆಯುವುದಕ್ಕೆ ಕೊಟ್ಟವರು. ಹೆಂಡತಿ ತೀರಿಕೊಂಡು, ತಾವೂ ಒಮ್ಮೆ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ, ಇಲ್ಲಿದ್ದ ಒಬ್ಬಳೇ ಮಗಳು ಹೆಲೆನ್ ಹೋಗಿ ಕರೆತಂದಿದ್ದಳು.

ಆ ಸಂಜೆ ನಮ್ಮವರಿಗೆ ಹೇಳಿದೆ: "ರೀ, ಪಕ್ಕದ ಮನೇಲಿ ಒಬ್ರು ಹಿಸ್ಟೋರಿಯನ್ ಇದ್ದಾರೆ ಗೊತ್ತಾ?"

ನಮ್ಮವರು ವಿಜಯಪುರದ ಕಡೆಯವರು. ಇಂಜಿನಿಯರಿಂಗ್ ಓದಿದರೂ, ಇಪ್ಪತ್ತೈದು ವರ್ಷ ಅಮೆರಿಕದಲ್ಲಿದ್ದರೂ ಅವರ ಮಾತು ಆ ಮಣ್ಣಿನದೇ. "ಹಿಸ್ಟರಿ ಮಾಸ್ತರ್ರೇನು? ಹಂಗಾರ ಮರ್ಯಾದಿಲೆ ಮಾತಾಡು. ಹಿಸ್ಟರಿ ಮಾಸ್ತರ್ರು ಹೊಡದಷ್ಟು ನನಗ ಯಾರೂ ಹೊಡದಿಲ್ಲ," ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಮಾಸ್ತರು ಎಂದೇ ಹೆಸರು.

ಆ ಬೇಸಿಗೆಯಲ್ಲಿ ಬೇಲಿಯ ಆಚೆ ಅವರು, ಈಚೆ ನಾವು ಕುರ್ಚಿ ಹಾಕಿಕೊಂಡು ಕೂತು ಎಷ್ಟು ಮಾತಾಡಿದೆವೋ. ಮಾತಾಡಿದವರು ಅವರು, ಕೇಳಿದವರು ನಾವು. ಚರಿತ್ರೆ ಅಂದರೆ ನನಗೆ ರಾಜರು, ಯುದ್ಧಗಳು, ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡಿದ ಇಸವಿಗಳು. ಮಾಸ್ತರರ ಚರಿತ್ರೆಯಲ್ಲಿ ರಾಜರೇ ಇರಲಿಲ್ಲ. ಇನ್ನೂರು ವರ್ಷ ಹಿಂದೆ ಸುಂಕದ ಗೇಟು ಕಾಯುತ್ತಿದ್ದ ಒಬ್ಬ ವಿಧವೆ ಇದ್ದಳು. ಚರ್ಚಿನ ಗಂಟೆ ಎರಕ ಹೊಯ್ಯುವವನೊಬ್ಬ, ಒಂದು ಗಂಟೆಯೂ ಸರಿಯಾದ ಸ್ವರದಲ್ಲಿ ಬಾರದೆ ಮರ್ಯಾದೆ ಕಳೆದುಕೊಂಡವನು. ಇಂಥವರ ಒಬ್ಬೊಬ್ಬರ ಮೇಲೂ ಒಂದೊಂದು ಪುಸ್ತಕ. ಊರಿನ ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗಿ, ಊರಿನವರೇ ಕೊಂಡು, ಊರಿನವರೇ ತಪ್ಪು ಹುಡುಕಿದ ಪುಸ್ತಕಗಳು. ಈಗ ಬರೆಯುತ್ತಿದ್ದುದು ಹಳ್ಳಿಹಳ್ಳಿಗೆ ಕುದುರೆಗಾಡಿಯಲ್ಲಿ ಹೋಗಿ ಔಷಧಿ ಕೊಡುತ್ತಿದ್ದ ಒಬ್ಬ ವೈದ್ಯನ ಜೀವನ. ಆ ವೈದ್ಯ ಬೆಳಗ್ಗೆ ಏನು ತಿನ್ನುತ್ತಿದ್ದ, ಅವನ ಕುದುರೆ ಯಾವ ಸೇತುವೆ ಕಂಡರೆ ಹೆದರುತ್ತಿತ್ತು, ಅವನ ಬೆಕ್ಕಿನ ಹೆಸರೇನು, ಎಲ್ಲ ಮಾಸ್ತರರಿಗೆ ಗೊತ್ತು. ಹೇಳುವಾಗ ಕಣ್ಣು ಹೊಳೆಯುತ್ತಿದ್ದವು. ಪಕ್ಕದ ಬೀದಿಯಲ್ಲೇ ವೈದ್ಯನ ಗಾಡಿ ಬಂದು ನಿಂತಿದೆ ಎನ್ನುವ ಹಾಗೆ.

ಒಮ್ಮೆ ನನ್ನನ್ನು ಕೇಳಿದರು: "ನಿಮ್ಮ ಮುತ್ತಜ್ಜಿಯ ಹೆಸರೇನು?"

ನನಗೆ ಗೊತ್ತಿರಲಿಲ್ಲ. ನಮ್ಮವರು ಮಾತ್ರ ಎದೆ ಉಬ್ಬಿಸಿ ತಮ್ಮ ಅಜ್ಜನ ಹೆಸರು ಹೇಳಿದರು. ಮಾಸ್ತರರು ಮೆಚ್ಚಿ ತಲೆದೂಗಿದ ಮೇಲೆ ನಮ್ಮವರು ನನ್ನ ಕಡೆ ತಿರುಗಿ ಮೆಲ್ಲಗೆ, "ಅದ ಹೆಸರು ನನಗ ಇಟ್ಟಾರಲ್ಲ, ಹೆಂಗ ಮರೀಲಿ?" ಎಂದರು.

ಹೆಲೆನ್ ಈ ಮಾತುಕತೆಗೆ ಬರುತ್ತಿದ್ದುದು ಕಡಿಮೆ. ಐವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ವರ್ಷ ಆ ಕೆಲಸವೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಂದೆಗೆ ಸೋಂಕು ತಗುಲಬಾರದೆಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಲಗುತ್ತಿದ್ದಳು, ಅಡುಗೆ ಮಾಡಿ ಅವರ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದಳು. ನಾನು ಒಂದೆರಡು ಸಲ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಕೊಟ್ಟಾಗ, "ಥ್ಯಾಂಕ್ ಯು, ಅವರಿಗೆ ಖಾರ ಆಗುತ್ತೆ, ನಾನು ತಿಂತೀನಿ," ಎಂದಿದ್ದಳು. ತೊಳೆದ ಡಬ್ಬಿಯನ್ನು ಬೇಲಿಯ ಸಂದಿನಲ್ಲಿ ಇಟ್ಟಿರುತ್ತಿದ್ದಳು. ಅಷ್ಟೇ ನಮ್ಮ ಸ್ನೇಹ.

ಅಕ್ಟೋಬರಿನಲ್ಲಿ ಅವಳಿಗೇ ಬಂತು. ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಸೇರಿಸಿಕೊಂಡರು. ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ. ಅವಳ ಜೊತೆ ಕೆಲಸ ಮಾಡುವವರು ಒಂದು ಐಪ್ಯಾಡನ್ನು ಅವಳ ಮುಖದ ಎದುರು ಹಿಡಿದು ವಿಡಿಯೊ ಕಾಲಿನಲ್ಲಿ ಮಾಸ್ತರರಿಗೆ ತೋರಿಸಿದರಂತೆ. ಯಂತ್ರ ಹಾಕುವ ಮುಂಚೆ, ಮಾತಾಡಿ ಎಂದರಂತೆ.

"ಏನು ಮಾತಾಡಿದಿರಿ?" ಎಂದು ನಾನು ಆಮೇಲೆ ಕೇಳಿದೆ. ಕೇಳಬಾರದಿತ್ತೇನೋ.

"ಮಳೆ ಬಂತು ಎಂದೆ," ಅಂದರು ಮಾಸ್ತರರು. "ಇಲ್ಲಿ ಮಳೆ ಬಂತು, ಈಗ ನಿಂತಿದೆ ಎಂದೆ. ಬೇರೆ ಏನೂ ಹೊಳೆಯಲಿಲ್ಲ."

ಹತ್ತು ಹನ್ನೆರಡು ದಿನ ಕಳೆದು ಹೆಲೆನ್ ಹೋದಳು.

ಮಣ್ಣು ಮಾಡುವವರು ಪತ್ರಿಕೆಗೆ ಕೊಡಲು ನಾಲ್ಕು ಸಾಲು ಬರೆದುಕೊಡಿ ಎಂದು ಮಾಸ್ತರರನ್ನು ಕೇಳಿದರು. ಹುಟ್ಟು, ಓದು, ಕೆಲಸ, ಅವಳಿಗೆ ಇಷ್ಟವಾಗಿದ್ದ ಸಂಗತಿಗಳು. ಎಲ್ಲರೂ ಬರೆಯುವಂಥದ್ದೇ. ಮಾರನೆಯ ದಿನ ಅವರಿಗೆ ಗಂಜಿ ಕೊಡಲು ಹೋದಾಗ ಹಿಂದಿನ ಕಟ್ಟೆಯ ಮೇಲೆ ಹಾಳೆ ಮುಂದಿಟ್ಟುಕೊಂಡು ಕೂತಿದ್ದರು. ಹೆಸರು ಬರೆದಿದ್ದರು, ಹುಟ್ಟಿದ ಊರು ಬರೆದಿದ್ದರು. ಅಲ್ಲಿಗೆ ನಿಂತಿತ್ತು.

"ಅವಳು ಅಮೆರಿಕಕ್ಕೆ ಬಂದದ್ದು ಯಾವ ವರ್ಷ ಎಂದು ನನಗೆ ಖಚಿತವಿಲ್ಲ," ಎಂದರು. "ಮೊದಲು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದಳು, ಆಮೇಲೆ ಷಾರ್ಲೆಟ್. ಅಥವಾ ಮೊದಲೇ ಷಾರ್ಲೆಟ್ಟೋ. ಮದುವೆಯಾಗಿದ್ದವನನ್ನು ನಾನು ಒಮ್ಮೆ ನೋಡಿದ್ದೆ. ಯಾಕೆ ಬಿಟ್ಟರೋ ಕೇಳಲಿಲ್ಲ. ಇಷ್ಟವಾಗಿದ್ದ ಸಂಗತಿಗಳು..." ಅವರು ಪೆನ್ನು ಕೆಳಗಿಟ್ಟರು. "ವೈದ್ಯನ ಬೆಕ್ಕಿನ ಹೆಸರು ನನಗೆ ಗೊತ್ತು ನೋಡಿ."

ಆ ನಾಲ್ಕು ಸಾಲನ್ನು ಕೊನೆಗೆ ನಾನು ಬರೆದೆ. ಒಳ್ಳೆಯ ನೆರೆಯವಳು, ಕಷ್ಟಕಾಲದಲ್ಲಿ ಜೀವದ ಹಂಗು ತೊರೆದು ದುಡಿದವಳು, ಎಂದೆಲ್ಲ. ಒಂದೂ ಸುಳ್ಳಲ್ಲ. ಒಂದರಲ್ಲೂ ಅವಳು ಇರಲಿಲ್ಲ. ಯಾರ ಹೆಸರನ್ನು ಬೇಕಾದರೂ ಮೇಲೆ ಅಂಟಿಸಬಹುದಿತ್ತು.

ಆ ಚಳಿಗಾಲವಿಡೀ ಮಾಸ್ತರರು ಹೊರಗೆ ಕಾಣಲಿಲ್ಲ. ದೀಪ ಹತ್ತುತ್ತದೆಯೋ ಇಲ್ಲವೋ ಎಂದು ನಮ್ಮವರು ದಿನಾ ಸಂಜೆ ನೋಡುತ್ತಿದ್ದರು. "ಮಾಸ್ತರ್ರ ಲೈಟ್ ಹತ್ತೇತಿ" ಎಂದು ಕೆಳಗಿನಿಂದ ಕೂಗಿದರೆ ನಾನು ಸಮಾಧಾನದಿಂದ ಅನ್ನಕ್ಕಿಡುತ್ತಿದ್ದೆ. ವಸಂತ ಬಂದು, ಎಲ್ಲರಿಗೂ ಲಸಿಕೆಯಾಗಿ, ಜನ ಸ್ವಲ್ಪ ಸ್ವಲ್ಪ ಹೊರಗೆ ಬರತೊಡಗಿದಾಗ ಅವರೂ ಬಂದರು. ಅದೇ ಕೋಟು. ಕೋಟಿನೊಳಗಿನ ಮನುಷ್ಯ ಮಾತ್ರ ಅರ್ಧವಾಗಿದ್ದರು. ನೇರವಾಗಿ ನಮ್ಮ ಮನೆಗೆ ಬಂದು ಕುಳಿತು ಹೇಳಿದರು:

"ವೈದ್ಯನನ್ನು ಬಿಟ್ಟುಬಿಟ್ಟೆ. ಹೆಲೆನ್ ಮೇಲೆ ಬರೆಯುತ್ತೇನೆ. ನನಗೆ ಗೊತ್ತಿರುವ ಕೆಲಸ ಅದೊಂದೇ. ಗೊತ್ತಿಲ್ಲದವರ ಜೀವನ ಬರೆಯುವುದು."

ಕೆಲಸ ಹಿಡಿದೇಬಿಟ್ಟರು. ಹಿಡಿದ ಮೇಲೆಯೇ ಅವರಿಗೆ ತಿಳಿದದ್ದು, ಇನ್ನೂರು ವರ್ಷ ಹಿಂದೆ ಸತ್ತವರಿಗಿಂತ ನಿನ್ನೆ ಸತ್ತವರು ಎಷ್ಟು ದೂರದಲ್ಲಿದ್ದಾರೆ ಎಂದು. ಸುಂಕದ ಗೇಟಿನ ವಿಧವೆ ಬಾಯಿ ಮಾಡಿದ್ದೆಲ್ಲ ಕೋರ್ಟಿನ ಕಾಗದಗಳಲ್ಲಿ ಉಳಿದಿತ್ತು. ಹೆಲೆನ್‌ಳ ಜೀವನವೆಲ್ಲ ಅವಳ ಫೋನಿನಲ್ಲಿತ್ತು, ಫೋನು ಯಾರಿಗೂ ತೆರೆಯಲಿಲ್ಲ. ಮಾಸ್ತರರು ಅದನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಿದ್ದರು. ಕೆಲವು ದಿನ ಅದು ತಾನಾಗಿ ಗುಂಯ್‌ಗುಟ್ಟುತ್ತಿತ್ತಂತೆ. ಹಲ್ಲು ತೋರಿಸಲು ಬರಬೇಕೆಂದು ದಂತವೈದ್ಯರ ನೆನಪೋಲೆ. ಒಂದು ದಿನ ಅದೂ ನಿಂತಿತು.

ಅವಳ ಹಳೆಯ ಗೆಳತಿಯೊಬ್ಬಳು ಷಾರ್ಲೆಟ್ಟಿನಲ್ಲಿದ್ದಾಳೆ, ಹೆಸರು ಡೆನೀಸ್, ಎಂದು ಆಸ್ಪತ್ರೆಯವರಿಂದ ಗೊತ್ತಾಯಿತು. ಇಬ್ಬರೂ ಹಿಂದೆ ಅಲ್ಲಿ ಒಟ್ಟಿಗೆ ಕೆಲಸ ಮಾಡಿದ್ದವರು, ಒಂದೇ ಮನೆಯಲ್ಲಿ ಬಾಡಿಗೆಗಿದ್ದವರು. ಮಾಸ್ತರರಿಗೆ ಅಮೆರಿಕದ ರಸ್ತೆ ಹೆದರಿಕೆ. "ನಾನ ಡ್ರೈವ್ ಮಾಡ್ತೀನಿ ತಗೋ, ಶನಿವಾರ ಮನ್ಯಾಗ ಕುಂತು ಏನ ಮಾಡೂದೈತಿ?" ಎಂದರು ನಮ್ಮವರು. ನಾನು ಪುಳಿಯೋಗರೆ ಕಟ್ಟಿಕೊಂಡೆ. ದಾರಿಯುದ್ದಕ್ಕೂ ಮಾಸ್ತರರು ಹುರುಪಿನಲ್ಲಿದ್ದರು. ಸಾಕ್ಷಿಗಳನ್ನು ಹೇಗೆ ಕೇಳಬೇಕು, ಪ್ರಶ್ನೆಯೊಳಗೆ ಉತ್ತರ ಇಡಬಾರದು, ಮೌನವಾದಾಗ ತುಂಬಬಾರದು ಎಂದು ನಮಗೆ ಪಾಠ ಹೇಳಿದರು. ಬಹಳ ತಿಂಗಳ ಮೇಲೆ ಅವರ ಕಣ್ಣು ಹೊಳೆದದ್ದನ್ನು ಕಂಡೆ. ಹಿಂದಿನ ಸೀಟಿನಲ್ಲಿ ಕೂತು, ಈ ಪುಸ್ತಕ ಇವರನ್ನು ಬದುಕಿಸುತ್ತದೆ ಎಂದುಕೊಂಡೆ.

ಡೆನೀಸ್ ಒಳ್ಳೆಯ ಹೆಂಗಸು. ಕಪ್ಪು ಜನರ ಹಳೆಯ ಬಡಾವಣೆಯೊಂದರಲ್ಲಿ ಅವಳ ಮನೆ. ವರಾಂಡದಲ್ಲಿ ಕುರ್ಚಿ ಹಾಕಿ, ತಣ್ಣನೆಯ ಚಹಾ ಕೊಟ್ಟಳು. ಹೆಲೆನ್‌ಳ ಸ್ನೇಹಿತರ ಕಡೆಯವರು ಎಂದಷ್ಟೇ ಫೋನಿನಲ್ಲಿ ಕೇಳಿಸಿಕೊಂಡಿದ್ದಳೆಂದು ತೋರುತ್ತದೆ. ಮಾಸ್ತರರು ತಮ್ಮ ಪರಿಚಯ ಹೇಳಿಕೊಂಡರು.

"ಯಾರ ತಂದೆ?" ಎಂದಳು ಡೆನೀಸ್.

"ಹೆಲೆನ್‌ಳ ತಂದೆ."

ಅವಳು ನನ್ನ ಮುಖ ನೋಡಿದಳು, ನಮ್ಮವರ ಮುಖ ನೋಡಿದಳು. "ಕ್ಷಮಿಸಿ," ಎಂದಳು. "ಹೆಲೆನ್‌ಳ ತಂದೆ ತೀರಿಕೊಂಡಿದ್ದಾರೆ ಎಂದುಕೊಂಡಿದ್ದೆ. ತನಗೆ ಹನ್ನೆರಡು ವರ್ಷವಾಗಿದ್ದಾಗ ಹೋದರು ಎಂದಿದ್ದಳು."

ರಸ್ತೆಯಲ್ಲಿ ಯಾವುದೋ ಕಾರು ಜೋರಾಗಿ ಹಾಡು ಹಾಕಿಕೊಂಡು ದಾಟಿಹೋಯಿತು. ನಾನು ಎದ್ದು ಹೊರಡೋಣ ಎನ್ನುವಷ್ಟರಲ್ಲಿ ಮಾಸ್ತರರು, ದಾರಿಯಲ್ಲಿ ನಮಗೆ ಹೇಳಿಕೊಟ್ಟಿದ್ದ ಅದೇ ಶಾಂತ ಧ್ವನಿಯಲ್ಲಿ ಕೇಳಿದರು:

"ಹೇಗೆ ತೀರಿಕೊಂಡರು ಎಂದು ಹೇಳಿದ್ದಳೇ?"

"ಇಲ್ಲ. ನಾನೂ ಕೇಳಲಿಲ್ಲ." ಡೆನೀಸ್‌ಳ ಕಣ್ಣು ತುಂಬಿತ್ತು. "ಆದರೆ ಕೆಟ್ಟದಾಗಿ ಯಾವತ್ತೂ ಮಾತಾಡಲಿಲ್ಲ. ತುಂಬಾ ಓದಿದವರು, ಪುಸ್ತಕ ಬರೆದವರು ಎನ್ನುತ್ತಿದ್ದಳು. ಹೆಮ್ಮೆಯಿಂದಲೇ ಹೇಳುತ್ತಿದ್ದಳು."

"ಧನ್ಯವಾದ," ಎಂದರು ಮಾಸ್ತರರು. ಆಮೇಲೆ ಒಂದು ಗಂಟೆ ಹೊತ್ತು ಬೇರೆ ಪ್ರಶ್ನೆಗಳನ್ನು ಕೇಳಿದರು. ಹೆಲೆನ್ ಯಾವ ಊಟ ಮಾಡುತ್ತಿದ್ದಳು, ರಜೆಯಲ್ಲಿ ಎಲ್ಲಿಗೆ ಹೋಗುತ್ತಿದ್ದಳು, ಹಾಡುತ್ತಿದ್ದಳೇ. ಹಾಡುತ್ತಿದ್ದಳಂತೆ. ಚರ್ಚಿನಲ್ಲಿ, ಡೆನೀಸ್‌ಳ ಪಕ್ಕದಲ್ಲಿ ನಿಂತು. ಅದೂ ಅವರಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಬರೆದುಕೊಂಡರು.

ವಾಪಸು ಬರುವಾಗ ಪುಳಿಯೋಗರೆಯನ್ನು ಯಾರೂ ಬಿಚ್ಚಲಿಲ್ಲ. ಗ್ರೀನ್ಸ್‌ಬೊರೊ ದಾಟಿದ ಮೇಲೆ ಮಾಸ್ತರರು ಕಿಟಕಿಯ ಕಡೆ ನೋಡುತ್ತಾ, "ಅವಳಿಗೆ ಹನ್ನೆರಡಾಗಿದ್ದ ವರ್ಷ ಅವಳ ತಾಯಿ ಚಳಿಗಾಲವಿಡೀ ಆಸ್ಪತ್ರೆಯಲ್ಲಿದ್ದಳು," ಎಂದರು. "ಮನೆಯಲ್ಲಿ ನಾವಿಬ್ಬರೇ. ಶಾಲೆ ಬಿಟ್ಟ ಮೇಲೆ ನಾನು ದಾಖಲೆಗಳ ಕಚೇರಿಗೆ ಹೋಗುತ್ತಿದ್ದೆ, ಅದು ಮುಚ್ಚುವವರೆಗೂ. ಅಡುಗೆ ಅವಳೇ ಮಾಡುತ್ತಿದ್ದಳು. ಸುಂಕದ ಗೇಟಿನ ವಿಧವೆಯ ಪುಸ್ತಕ ಬರೆಯುತ್ತಿದ್ದ ಕಾಲ ಅದು." ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು: "ಚೆನ್ನಾಗಿ ಬಂದ ಪುಸ್ತಕ."

ನಮ್ಮವರು ಕನ್ನಡದಲ್ಲಿ, ರಸ್ತೆಯ ಮೇಲಿನ ಕಣ್ಣು ಕೀಳದೆ, "ಏನರ ಮಾತಾಡಲೇ, ಸುಮ್ಮ ಕುಂದರಬ್ಯಾಡ," ಎಂದು ನನಗೆ ಹೇಳಿದರು. ಮೌನವಾದಾಗ ತುಂಬಬಾರದು ಎಂದು ಬೆಳಗ್ಗೆ ತಾನೇ ಕಲಿತಿದ್ದೆ.

ಅಲ್ಲಿಗೆ ಅವರು ನಿಲ್ಲಿಸುತ್ತಾರೆ ಎಂದುಕೊಂಡೆವು. ನಿಲ್ಲಿಸಲಿಲ್ಲ. ಅವರಿಗೆ ಈಗ ಒಂದೇ ಪ್ರಶ್ನೆ ಉಳಿದಿತ್ತು. ಸತ್ತನೆಂದು ಹೇಳಿಕೊಂಡಿದ್ದ ತಂದೆಯನ್ನು ಅಷ್ಟು ವರ್ಷಗಳ ಮೇಲೆ ಸಮುದ್ರ ದಾಟಿ ಹೋಗಿ ಯಾಕೆ ಕರೆತಂದಳು? ಪ್ರೀತಿಯೋ, ಕರ್ತವ್ಯವೋ, ಬೇರೆ ಯಾರೂ ಇಲ್ಲವೆಂಬ ಬೇಸರವೋ? ಜೂನ್ ತಿಂಗಳ ಒಂದು ಸಂಜೆ ನನ್ನನ್ನು ತಮ್ಮ ಅಂಗಳಕ್ಕೆ ಕರೆದರು.

"ನಿಮ್ಮ ಮೇಜು ಆ ಕಿಟಕಿಯ ಹತ್ತಿರ ಇದೆ, ಅಲ್ಲವೇ?" ಎಂದು ಮೇಲೆ ಕೈ ತೋರಿಸಿದರು.

ನನ್ನ ಮುಖ ಬಿಸಿಯಾಯಿತು. "ಹೌದು," ಎಂದೆ.

"ನಾಚಿಕೆ ಬೇಡ. ನನಗೆ ಸಿಕ್ಕಿರುವ ಪ್ರತ್ಯಕ್ಷ ಸಾಕ್ಷಿ ನೀವೊಬ್ಬರೇ. ನನ್ನ ಜೊತೆ ಇರುವುದು ಅವಳಿಗೆ ಇಷ್ಟವಿತ್ತೇ? ಅಭಿಪ್ರಾಯ ಬೇಡ. ಸಮಾಧಾನವೂ ಬೇಡ. ಕಂಡದ್ದನ್ನು ಹೇಳಿ."

ನೀವಾಗಿದ್ದರೆ ಏನು ಹೇಳುತ್ತಿದ್ದಿರೋ. ನಾನು ಮೊದಲು ಒಳ್ಳೆಯದನ್ನೇ ಹೇಳಿದೆ. ಭಾನುವಾರಗಳಲ್ಲಿ ಇಬ್ಬರೂ ಮಾಸ್ಕ್ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದಿರಿ, ಅವಳು ನಿಮ್ಮ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಳ್ಳುತ್ತಿದ್ದಳು. ಒಮ್ಮೆ ರಸ್ತೆಯ ನಡುವೆ ಮಂಡಿಯೂರಿ ನಿಮ್ಮ ಶೂ ಲೇಸು ಕಟ್ಟಿದಳು, ಹಿಂದೆ ಬಂದ ಕಾರಿನವನಿಗೆ ನಿಲ್ಲು ಎಂದು ಕೈ ತೋರಿಸಿದಳು. ಎಲ್ಲವನ್ನೂ ಹೇಳಿ ಸುಮ್ಮನಾದೆ. ಅವರು ಕಾದರು. ಮೌನವನ್ನು ಅವರು ತುಂಬಲಿಲ್ಲ. ನಾನೇ ತುಂಬಬೇಕಾಯಿತು.

"ಕೆಲಸದಿಂದ ಬಂದ ಮೇಲೆ ಕಾರಲ್ಲೇ ಕೂತಿರುತ್ತಿದ್ದಳು," ಎಂದೆ. "ಇಳಿಯುತ್ತಿರಲಿಲ್ಲ."

"ಎಷ್ಟು ಹೊತ್ತು?"

"ದಿನಕ್ಕೊಂದು ಥರ. ನನ್ನ ಒಂದು ಮೀಟಿಂಗ್ ಶುರುವಾಗಿ ಮುಗಿಯುವವರೆಗೂ ಕೂತಿದ್ದ ದಿನಗಳಿವೆ."

"ಫೋನಿನಲ್ಲಿ ಮಾತಾಡುತ್ತಿದ್ದಳೇ? ರೇಡಿಯೊ?"

"ಇಲ್ಲ. ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಮನೆಯ ಬಾಗಿಲನ್ನು ನೋಡುತ್ತಾ." ನನಗೆ ತಡೆಯಲಾಗಲಿಲ್ಲ. "ತುಂಬಾ ಆಯಾಸವಾಗಿರುತ್ತಿತ್ತು ಮಾಸ್ತರೇ. ಆ ಆಸ್ಪತ್ರೆ, ಆ ಕಾಲ..."

ಅವರು ತಲೆಯಾಡಿಸಿದರು. "ಆಯಾಸ ಎಂದು ಬರೆಯುವವನು ಕೆಟ್ಟ ಚರಿತ್ರಕಾರ," ಎಂದರು. "ತಂದೆಯ ಮುಖ ನೋಡಲು ಮನಸ್ಸಿರಲಿಲ್ಲ ಎಂದು ಬರೆಯುವವನೂ ಕೆಟ್ಟವನೇ. ಕಾರಿನಲ್ಲಿ ಕುಳಿತಿದ್ದಳು. ಅಷ್ಟನ್ನೇ ಬರೆಯಬಹುದು." ಎದ್ದು ನಿಂತು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ನೀವು ಒಳ್ಳೆಯ ಸಾಕ್ಷಿ," ಎಂದರು. ಅದಕ್ಕಿಂತ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಅವರ ಅಣ್ಣನ ಮಗ ಇಂಗ್ಲೆಂಡಿನಿಂದ ಬಂದು ಮನೆ ಮಾರಿ ಅವರನ್ನು ಕರೆದುಕೊಂಡು ಹೋದ. ಹಳೆಯ ಊರಿಗೆ ಹತ್ತಿರದಲ್ಲೇ ಇದ್ದ ಒಂದು ವೃದ್ಧಾಶ್ರಮ. ಹೊರಡುವ ದಿನ ನಮ್ಮವರು ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟರು. ಮಾಸ್ತರರಿಗೆ ಏನಾಗುತ್ತಿದೆ ಎಂದೇ ತಿಳಿಯದೆ, ಬಿದ್ದರೇನೋ ಎಂದು ಗಾಬರಿಯಾಗಿ ಎಬ್ಬಿಸಲು ಬಗ್ಗಿದರು. ಅಷ್ಟರಲ್ಲಿ ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು. ನಾವೆಲ್ಲ ನಕ್ಕೆವು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಅಲ್ಲಿಂದ ಕೆಲವು ಸಲ ಫೋನು ಮಾಡಿದರು. ಕಿಟಕಿಯಿಂದ ನಿಜವಾದ ಬೇಲಿ ಕಾಣುತ್ತದೆ, ಏಳು ಜಾತಿ, ಎಂದರು. ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದೆ.

"ನಿಲ್ಲಿಸಿದೆ," ಎಂದರು. "ಇರುವುದೆಲ್ಲ ಬೇರೆಯವರು ಅವಳನ್ನು ಕಂಡದ್ದು. ಅದನ್ನು ಜೋಡಿಸಿದರೆ ಒಬ್ಬಳು ಹೆಂಗಸು ಆಗುತ್ತಾಳೆ, ಆಗದೆ ಇರುವುದಿಲ್ಲ. ಐವತ್ತು ವರ್ಷ ನಾನು ಮಾಡಿದ್ದು ಅದನ್ನೇ. ಆದರೆ ಈ ಹೆಂಗಸನ್ನು ನಾನು ಎತ್ತಿಕೊಂಡಿದ್ದೆ. ಜೋಡಿಸಿದವಳು ಇವಳಲ್ಲ ಎಂದು ನನಗೆ ಗೊತ್ತಾಗುತ್ತದೆ." ಆಮೇಲೆ, "ಹಾಗಾದರೆ ಆ ವಿಧವೆಯೂ ಅಲ್ಲ, ಆ ಗಂಟೆಯವನೂ ಅಲ್ಲ. ಯಾರೂ ಅಲ್ಲ," ಎಂದರು.

ಇಡೀ ಆಯುಷ್ಯದ ಕೆಲಸವನ್ನು ಒಬ್ಬ ಮನುಷ್ಯ ಹೀಗೆ ಒಂದು ಮಾತಿನಲ್ಲಿ ಮಡಿಸಿ ಪಕ್ಕಕ್ಕಿಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಏನಾದರೂ ಹೇಳಬೇಕೆಂದು ಹೊರಟು, ಇಲ್ಲಿ ಮಳೆ ಬರುತ್ತಿದೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ಬಹಳ ಮೃದುವಾಗಿ, "ಹೌದೇ? ಒಳ್ಳೆಯದು," ಎಂದರು.

ಅದಾದ ಮೇಲೆ ಫೋನು ಬರಲಿಲ್ಲ. ನಾನು ಮಾಡಿದಾಗ ಮಲಗಿದ್ದಾರೆ ಎನ್ನುತ್ತಿದ್ದರು. ಮಾಸ್ತರರು ತೀರಿಕೊಂಡ ಸುದ್ದಿಯನ್ನು ಅಣ್ಣನ ಮಗ ಎರಡು ಸಾಲಿನ ಮೇಲ್‌ನಲ್ಲಿ ತಿಳಿಸಿದ. ಕೆಲವು ತಿಂಗಳ ಮೇಲೆ, ಪಾಪ, ನೆನಪಿಟ್ಟುಕೊಂಡು, ಅವರ ಕೌಂಟಿಯ ಚರಿತ್ರೆಯ ಸಂಘದವರು ಹೊರತರುವ ಒಂದು ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿಕೊಟ್ಟ. ಅದರಲ್ಲಿ ಮಾಸ್ತರರ ಮೇಲೆ ಮೂರು ಪುಟದ ಲೇಖನ. ಎಷ್ಟು ಪ್ರೀತಿಯಿಂದ ಬರೆದಿದ್ದರು! ಪ್ರತಿಯೊಂದು ಪುಸ್ತಕದ ಹೆಸರು, ಯಾವ ಹಳ್ಳಿಯ ಯಾವ ಗಿರಣಿಯ ಕಾಲವನ್ನು ಅವರು ಸರಿಯಾಗಿ ಗುರುತಿಸಿದರು, ಯಾವ ಚರ್ಚಿನ ಬಗ್ಗೆ ಯಾರ ಜೊತೆ ಜಗಳವಾಡಿದರು, ಅವರ ಕೋಟು, ಅವರ ಸೈಕಲ್ಲು. ಓದುತ್ತಾ ಓದುತ್ತಾ ನಮ್ಮವರಿಗೂ ಜೋರಾಗಿ ಕನ್ನಡ ಮಾಡಿ ಹೇಳುತ್ತಿದ್ದೆ. ಕೊನೆಯ ಪುಟದಲ್ಲಿ ಹೆಂಡತಿಯ ಹೆಸರು ಇತ್ತು. ಅದರ ಪಕ್ಕ ಒಂದು ವಾಕ್ಯ: ಅವರಿಗೆ ಒಬ್ಬಳು ಮಗಳಿದ್ದಳು, ಕೆನಡಾದಲ್ಲಿ.

"ಕೆನಡಾ?" ಎಂದರು ನಮ್ಮವರು. "ಹೆಸರೂ ಹಾಕಿಲ್ಲೇನು?"

"ಇಲ್ಲ."

"ಬರಿ ಅವರಿಗೆ. ಈಗ ಬರಿ."

ಬರೆದೆ. ಹೆಸರು ಹೆಲೆನ್, ಇದ್ದದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ದಯವಿಟ್ಟು ತಿದ್ದಿ ಎಂದು. ಬಹಳ ಸೌಜನ್ಯದ ಉತ್ತರ ಬಂತು. ವಿಷಾದಿಸುತ್ತೇವೆ, ಮುಂದಿನ ಸಂಚಿಕೆಯಲ್ಲಿ ಜಾಗವಿದ್ದರೆ ತಿದ್ದುಪಡಿ ಹಾಕುತ್ತೇವೆ, ಅವರ ಮಗಳ ಬಗ್ಗೆ ಇನ್ನೂ ಒಂದೆರಡು ವಿವರ ಕಳಿಸಿದರೆ ಉಪಕಾರವಾಗುತ್ತದೆ. ಆ ಉತ್ತರ ಬಂದು ವರ್ಷವಾಗುತ್ತಾ ಬಂತು. ವಿವರ ಕಳಿಸಲು ನಾನು ಕೂತದ್ದು ಒಂದೆರಡು ಸಲವಲ್ಲ. ಪ್ರತಿಸಲವೂ ಅವಳು ತೀರಿಕೊಂಡಾಗ ನಾನು ಬರೆದ ಆ ನಾಲ್ಕು ಸಾಲೇ ಬರುತ್ತದೆ. ಯಾರ ಹೆಸರನ್ನು ಬೇಕಾದರೂ ಅಂಟಿಸಬಹುದಾದ ಆ ಸಾಲುಗಳು.

ಇವತ್ತು ಬೆಳಗ್ಗೆ ಮತ್ತೆ ಕೂತೆ. ಆಚೆ ಬೇಲಿ ಇದ್ದ ಜಾಗದಲ್ಲಿ ಹೊಸ ಕಂಬಗಳನ್ನು ನಿಲ್ಲಿಸಿದ್ದಾರೆ. ನಸ್ರೀನ್ ಬಂದು, "ಆಂಟಿ, ನಿಮ್ಗೆ ಯಾವ ಕಲರ್ ಓಕೆ?" ಎಂದು ಕೇಳಿಕೊಂಡು ಹೋದಳು. ಯಾವುದಾದರೂ ಆಗುತ್ತೆ ಎಂದು ಕಳಿಸಿದ ಮೇಲೆ ಮೈಸೂರಿನಲ್ಲಿ ಅವಳ ಮನೆ ಎಲ್ಲಿ, ಅವಳ ತಾಯಿಯ ಹೆಸರೇನು, ಇಲ್ಲಿ ಒಂಟಿ ಎನಿಸುತ್ತದೆಯೋ ಎಂದೆಲ್ಲ ಕೇಳಬೇಕಿತ್ತು ಎನಿಸಿತು. ಕೇಳಿದರೆ ಮಾತ್ರ ಏನು, ಕೇಳಿದ್ದನ್ನೆಲ್ಲ ಜೋಡಿಸಿದರೆ ಇನ್ನೊಬ್ಬಳು ಆಗುತ್ತಾಳೆ ಎಂದು ಫೋನಿನಲ್ಲಿ ಕೇಳಿದ್ದ ಮಾಸ್ತರರ ಆ ದನಿ ಹೇಳಿತು. ಮೊದಲಿನ ಹಾಗೆ ಜನರನ್ನು ಕಿಟಕಿಯಿಂದ ನೋಡುವುದು ಈಗ ನನಗೆ ಆಗುವುದಿಲ್ಲ. ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದೇನೆ.

ಆ ಸಂಪಾದಕರಿಗೆ ಕೆನಡಾ ತಪ್ಪು ಎಂದು ಅಷ್ಟು ಖಂಡಿತವಾಗಿ ಬರೆದಿದ್ದೆ. ಈಗ ಕೂತು ಯೋಚಿಸಿದರೆ, ಮೇರಿಲ್ಯಾಂಡಿಗೆ ಮುಂಚೆ ಹೆಲೆನ್ ಎಲ್ಲಿದ್ದಳು ಎಂದು ಹೇಳುವವರು ಯಾರೂ ಉಳಿದಿಲ್ಲ. ಅವಳು ಕೆನಡಾದಲ್ಲಿ ಇದ್ದಿದ್ದರೂ ಇರಬಹುದು.